ಕೊಬ್ಬರಿಯ ಒತ್ತಕ್ಷರ

ತಿಪಟೂರಿನ ನಮ್ಮ ಕೊಬ್ಬರಿ ಮಂಡಿಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕೆಟ್ಟುಹೋಗಿದೆಯೆಂದು ಎಲ್ಲರೂ ತೀರ್ಮಾನಿಸಿದ್ದು ಹೊಸ ಕಂಪ್ಯೂಟರ್ ಬಂದ ದಿನ. ಹಿಂದಿನ ಸಂಜೆಯವರೆಗೂ ಕರಕರ ಸದ್ದು ಮಾಡುತ್ತ ಮಾರಾಟದ ಲೆಕ್ಕದ ಪಟ್ಟಿ ಹೊಡೆಯುತ್ತಿದ್ದ ಯಂತ್ರ ಒಂದೇ ರಾತ್ರಿಯಲ್ಲಿ ಕೆಟ್ಟಿದ್ದು ಹೇಗೆಂದು ಯಾರೂ ಕೇಳಲಿಲ್ಲ. ಲೈನ್ ಫೀಡ್ ಗುಂಡಿಯನ್ನು ಒತ್ತಿಹಿಡಿದು ಸ್ವಿಚ್ ಹಾಕಿದರೆ ಅದು ಯಾವ ಕಂಪ್ಯೂಟರಿನ ಹಂಗೂ ಇಲ್ಲದೆ ತನಗೆ ಬರುವ ಅಕ್ಷರಗಳನ್ನೆಲ್ಲ ಸಾಲಾಗಿ ಮುದ್ರಿಸಿ ತೋರಿಸುತ್ತದೆ. ಹಾಗೆ ಹೊಡೆಸಿದ ಹಾಳೆಯನ್ನು ಜಾಮೀನು ಪತ್ರದಂತೆ ತಮ್ಮನ ಮುಂದಿಟ್ಟೆ.

ಹೊಸ ಲೇಸರ್ ಪ್ರಿಂಟರ್ ತರೋಣವೆಂಬುದು ಅವನ ವಾದವಾಗಿತ್ತು. ಆದರೆ ನಮ್ಮ ಪಟ್ಟಿಗೆ ಮೂರು ಪ್ರತಿ ಬೇಕು: ಬೆಳೆಗಾರನಿಗೊಂದು, ಖರೀದಿದಾರನಿಗೊಂದು, ನಮಗೊಂದು. ಸೂಜಿಗಳು ರಿಬ್ಬನ್ನಿನ ಮೇಲೆ ಬಡಿಯುವ ಯಂತ್ರದಲ್ಲಿ ಆ ಪೆಟ್ಟು ಕಾರ್ಬನ್ ದಾಟಿ ಮೂರನೆಯ ಹಾಳೆಗೂ ಇಳಿಯುತ್ತದೆ. ಪುಡಿಯನ್ನು ಕಾಯಿಸಿ ಅಂಟಿಸುವ ಲೇಸರಿಗೆ ಆ ಕಸುವಿಲ್ಲ.

ತೊಡಕಿದ್ದದ್ದು ಸಂಪರ್ಕದಲ್ಲಿ. ಪ್ರಿಂಟರಿನ ಬೆನ್ನಿನಲ್ಲಿರುವುದು ಎರಡೂ ಪಕ್ಕ ಕಿವಿಯಂತೆ ತಂತಿಯ ಕೊಂಡಿಗಳುಳ್ಳ 36 ಸಂಪರ್ಕಗಳ ಸೆಂಟ್ರಾನಿಕ್ಸ್ ಕಿಂಡಿ. ಆ ಹೆಸರು 1970ರಲ್ಲಿ ಪ್ರಿಂಟರ್ ಹೊರತಂದ ಅಮೆರಿಕದ ಕಂಪನಿಯದು. ಹೊಸ ಕಂಪ್ಯೂಟರಿಗೆ ಯುಎಸ್‌ಬಿಯಲ್ಲದೆ ಬೇರೆ ಬಾಗಿಲಿಲ್ಲ. ಎರಡನ್ನೂ ಬೆಸೆಯುವ ಕೇಬಲ್ಲಿಗಾಗಿ ರೈಲು ಹತ್ತಿ ತುಮಕೂರಿಗೆ ಹೋಗಿಬಂದೆ. ಕೇಬಲ್ ಸಿಕ್ಕಿಸಿದ ಮೇಲೂ ಒಂದಿಡೀ ಮಧ್ಯಾಹ್ನ ಹಾಳಾಗಿದ್ದು ನನ್ನದೇ ತಪ್ಪಿನಿಂದ: ಹಳೆಯ ಅಭ್ಯಾಸದಂತೆ ಎಲ್‌ಪಿಟಿ1 ಎಂಬ ಪೋರ್ಟನ್ನೇ, ಅಂದರೆ ಪ್ರಿಂಟರಿಗೆ ಮಾಹಿತಿ ಹೋಗುವ ಹಳೆಯ ದಾರಿಯನ್ನೇ, ಆರಿಸುತ್ತಿದ್ದೆ, ಕಂಪ್ಯೂಟರ್ ಮಾತ್ರ ಈ ಕೇಬಲ್ಲಿಗೆಂದೇ ಯುಎಸ್‌ಬಿ001 ಎಂಬ ಹೊಸ ಪೋರ್ಟನ್ನು ಸೃಷ್ಟಿಸಿಕೊಂಡು ಸುಮ್ಮನೆ ಕಾಯುತ್ತಿತ್ತು.

ಅದನ್ನು ಸರಿಪಡಿಸಿ, ಪ್ರಿಂಟರಿಗೆ ಆಜ್ಞೆ ಕೊಡುವ ತಂತ್ರಾಂಶಗಳಾದ ಡ್ರೈವರುಗಳ ಸಾಲಿನಲ್ಲಿ ಕಂಡ ‘ಜನರಿಕ್ ಟೆಕ್ಸ್ಟ್ ಓನ್ಲಿ’ಯನ್ನು ಹಾಕಿದಾಗ ಅಂಕಿಗಳೂ ಇಂಗ್ಲಿಷೂ ದಡದಡನೆ ಬಂದವು, ಕನ್ನಡವಿದ್ದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳು ಸಾಲುಗಟ್ಟಿದವು. ಬೆಳೆಗಾರನ ಹೆಸರಿನ ಜಾಗದಲ್ಲಿ ಆರು ಪ್ರಶ್ನೆಗಳಿರುವ ಪಟ್ಟಿಯನ್ನು ಯಾವ ಮುಖ ಹೊತ್ತು ಕೊಡುವುದು? ಪ್ರಿಂಟರಿನ ನೆನಪಿನಲ್ಲಿರುವುದು ರೋಮನ್ ಅಕ್ಷರಗಳ ಅಚ್ಚು ಮಾತ್ರ. ಕನ್ನಡವನ್ನು ಅದಕ್ಕೆ ಚಿತ್ರವಾಗಿ ಕಳಿಸಬೇಕು. 1980ರ ಎಂಎಕ್ಸ್-80 ಎಂಬ ಪ್ರಿಂಟರಿನ ಕಾಲದಿಂದ ಎಪ್ಸನ್ ಕಂಪನಿ ಬಳಸಿದ ಆಜ್ಞೆಗಳನ್ನೇ ಬೇರೆ ಎಷ್ಟೋ ತಯಾರಕರೂ ಅನುಸರಿಸಿದ್ದರಿಂದ, ಒಂಬತ್ತು ಸೂಜಿಯ ಎಪ್ಸನ್ ಡ್ರೈವರನ್ನೇ ಹಾಕಿದೆ. ನಮ್ಮ ಯಂತ್ರ ಮರುಮಾತಿಲ್ಲದೆ ಒಪ್ಪಿಕೊಂಡಿತು.

ಆಗ ಕಂಡದ್ದು ಒತ್ತಕ್ಷರದ ಪಾಡು. ಕೆಳಗೆ ಒತ್ತು ಹೊತ್ತ ಕನ್ನಡದ ಅಕ್ಷರ ಒಂಬತ್ತು ಸೂಜಿಗಳ ಎತ್ತರಕ್ಕೆ ಹಿಡಿಸುವುದಿಲ್ಲ. ಮುದ್ರಣದ ತಲೆ ಬಲಕ್ಕೆ ಹೋಗುವಾಗ ಅಕ್ಷರದ ಮೈ ಬರೆಯುತ್ತದೆ, ಕಾಗದ ಒಂದಿಷ್ಟು ಸರಿಯುತ್ತದೆ, ಎಡಕ್ಕೆ ಮರಳುವಾಗ ಒತ್ತು ಬರೆಯುತ್ತದೆ. ಹೋಗುವ ದಾರಿಗೂ ಬರುವ ದಾರಿಗೂ ಕೂದಲೆಳೆಯಷ್ಟು ವ್ಯತ್ಯಾಸವಾದರೂ ‘ಕೊಬ್ಬರಿ’ಯ ಒತ್ತು ತನ್ನ ಅಕ್ಷರವನ್ನು ಬಿಟ್ಟು, ಜಗಳವಾಡಿದವರಂತೆ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಒಂದೇ ದಿಕ್ಕಿನಲ್ಲಿ ಮುದ್ರಿಸೆಂದು ಡ್ರೈವರಿನಲ್ಲಿ ಹೇಳಿದರೆ ಒತ್ತು ಸ್ವಸ್ಥಾನಕ್ಕೆ ಬರುತ್ತದೆ, ಆದರೆ ತಲೆ ಪ್ರತಿ ಸಲವೂ ಬರಿಗೈಯಲ್ಲಿ ಹಿಂದಿರುಗಬೇಕಾದ್ದರಿಂದ ಹೊತ್ತು ಹೆಚ್ಚು ಹಿಡಿಯುತ್ತದೆ.

ಹರಾಜಿನ ದಿನ ಮಂಡಿಯಲ್ಲಿ ಅಷ್ಟು ತಾಳ್ಮೆ ಯಾರಿಗಿದೆ? ತಮ್ಮ ಎರಡೂ ದಿಕ್ಕನ್ನೇ ಆರಿಸಿದ್ದಾನೆ. ‘ಕೊಬ್ಬರಿ’, ‘ಒಟ್ಟು’, ‘ಮೊತ್ತ’ ಮೂರೂ ಒತ್ತು ಜಾರಿಸಿಕೊಂಡೇ ಬರುತ್ತಿವೆ. ‘ದರ’, ‘ತೂಕ’ಗಳಿಗೆ ಒತ್ತಿಲ್ಲ, ಅವು ನೆಟ್ಟಗಿವೆ.