ನೀವು ಯಾವ ದೇವತೆ? ಹತ್ತೇ ಪ್ರಶ್ನೆ, ಉಚಿತ

ಅಕ್ಕನ ಮಗಳು ವಾಟ್ಸಾಪಿನಲ್ಲಿ ಒಂದು ಲಿಂಕ್ ಕಳಿಸಿದಳು. "ಚಿಕ್ಕಮ್ಮ, ಹತ್ತೇ ಪ್ರಶ್ನೆ. ನಿಮ್ಮೊಳಗೆ ಯಾವ ಗ್ರೀಕ್ ದೇವತೆ ಇದ್ದಾಳೆ ಅಂತ ಗೊತ್ತಾಗುತ್ತೆ." ಆ ಹೊತ್ತಿಗೆ ನನ್ನೊಳಗೆ ಇದ್ದದ್ದು ಎರಡು ಇಡ್ಲಿ, ಒಂದು ಗ್ಯಾಸ್ಟ್ರಿಕ್ ಮಾತ್ರೆ. ಆದರೂ ಉಚಿತ ಅಂದ ಮೇಲೆ ಬಿಡುವುದು ಹೇಗೆ? ಒತ್ತಿದೆ.

ಪ್ರಶ್ನೆಗಳೇನೋ ಸುಲಭ. ಬೆಟ್ಟ ಇಷ್ಟವೋ, ಸಮುದ್ರ ಇಷ್ಟವೋ? ಸಿಟ್ಟು ಬಂದರೆ ಕೂಗಾಡುತ್ತೀರೋ, ಸುಮ್ಮನಾಗುತ್ತೀರೋ? ಮನೆಗೆ ನೆಂಟರು ಬಂದಾಗ ನೀವು ಎಲ್ಲಿರುತ್ತೀರಿ? ಅಡುಗೆಮನೆಯಲ್ಲಿ ಅಂತ ಒತ್ತಿದೆ. ಸುಳ್ಳು ಯಾಕೆ ಹೇಳಲಿ? ತಕ್ಷಣ ಉತ್ತರ ಬಂತು: ಹೆಸ್ಟಿಯಾ. ಒಲೆಯ ದೇವತೆ.

ಅಕ್ಕನ ಮಗಳಿಗೆ ಆರ್ಟೆಮಿಸ್ ಬಂದಿದ್ದಳು. ಅವಳ ಗೆಳತಿಗೆ ಜಾಣ್ಮೆಯ, ಯುದ್ಧದ ದೇವತೆ ಅಥೇನಾ. ಪ್ರೇಮದ ದೇವತೆ ಅಫ್ರೊಡೈಟಿ ಬಂದ ಹುಡುಗಿ ಆಗಲೇ ಅದನ್ನು ಸ್ಟೇಟಸ್ಸಿಗೆ ಹಾಕಿಕೊಂಡಿದ್ದಳಂತೆ. ಒಲೆಯ ಮುಂದೆ ನಾನೊಬ್ಬಳೇ.

ಕೆಳಗೆ ವಿವರಣೆಯೂ ಇತ್ತು. ನೀವು ತ್ಯಾಗಮಯಿ. ಬೇರೆಯವರಿಗಾಗಿ ಜಾಗ ಬಿಟ್ಟುಕೊಡುವವರು. ದ್ರಾಕ್ಷಾರಸದ ದೇವರು ಡಯೊನೈಸಸ್ ಹೊಸದಾಗಿ ದೇವತೆಗಳ ಬೆಟ್ಟ ಒಲಿಂಪಸ್ಸಿಗೆ ಬಂದಾಗ ಹೆಸ್ಟಿಯಾ ಹನ್ನೆರಡು ಮುಖ್ಯ ದೇವರ ಸಾಲಿನಿಂದ ಎದ್ದು, ತನ್ನ ಕುರ್ಚಿಯನ್ನು ನಗುನಗುತ್ತಾ ಅವನಿಗೆ ಕೊಟ್ಟಳಲ್ಲ, ಹಾಗೆ.

ಇಲ್ಲಿ ನನಗೆ ಸ್ವಲ್ಪ ಉರಿಯಿತು. ಒಲೆಯ ದೇವತೆ ಅಲ್ವಾ, ಉರಿಯಲೇಬೇಕು. ಹುಡುಕಿ ನೋಡಿದರೆ ಹಳೆಯ ಗ್ರೀಕರ ಬರಹಗಳಲ್ಲಿ ಈ ಕುರ್ಚಿಯ ಕಥೆಯೇ ಇಲ್ಲ. ಹನ್ನೆರಡು ದೇವರ ಪಟ್ಟಿ ಅಲ್ಲಿ ಊರಿಂದ ಊರಿಗೆ ಬದಲಾಗುತ್ತಿತ್ತು. ಅಥೆನ್ಸಿನ ಪಾರ್ಥೆನಾನ್ ಗುಡಿಯ ಕೆತ್ತನೆಯಲ್ಲಿ ಡಯೊನೈಸಸ್ ಕೂತಿದ್ದಾನೆ, ಹೆಸ್ಟಿಯಾ ಇಲ್ಲ. ಅಷ್ಟೇ ವಿಷಯ. ಮುಂದಿನ ಕಾಲದವರಿಗೆ ಅಷ್ಟು ಸಾಕಾಯಿತು. ಹೆಂಗಸು ಸೀಟಿನಲ್ಲಿ ಕಾಣುತ್ತಿಲ್ಲ, ಗಂಡಸು ಕೂತಿದ್ದಾನೆ ಅಂದರೆ ಪಾಪ ಅವಳೇ ಎದ್ದು ಕೊಟ್ಟಿರಬೇಕು! ಬಸ್ಸಿನಲ್ಲಿ ದಿನಾ ನಡೆಯುವುದನ್ನೇ ಒಲಿಂಪಸ್ಸಿಗೆ ಹತ್ತಿಸಿಬಿಟ್ಟರು.

ಹಳೆಯ ಸ್ತೋತ್ರದಲ್ಲಿರುವ ಹೆಸ್ಟಿಯಾ ಬೇರೆಯೇ ಹೆಂಗಸು. ಸಮುದ್ರದ ಪೊಸೈಡನ್ ಅವಳನ್ನು ಮದುವೆಗೆ ಕೇಳಿದ. ಅಪೊಲೊ ಕೂಡ ಕೇಳಿದ. ಎರಡೂ ದೊಡ್ಡ ಮನೆಯ ಸಂಬಂಧ. ಇಬ್ಬರನ್ನೂ ಬೇಡ ಎಂದಳು. ಸುಮ್ಮನೆ ಬೇಡ ಅನ್ನಲಿಲ್ಲ, ದೇವರ ರಾಜ ಜೀಯಸನ ತಲೆ ಮುಟ್ಟಿ ಆಣೆ ಇಟ್ಟಳು: ನಾನು ಯಾರನ್ನೂ ಮದುವೆಯಾಗುವುದಿಲ್ಲ. ಜೀಯಸನೂ ಒಪ್ಪಿ, ಮನೆಯ ನಡುಜಾಗವನ್ನೇ ಅವಳಿಗೆ ಬರೆದುಕೊಟ್ಟ. ಔತಣದಲ್ಲಿ ಮೊದಲ ದ್ರಾಕ್ಷಾರಸ ಅವಳಿಗೆ, ಕೊನೆಯದೂ ಅವಳಿಗೇ. ಇಂಥವಳಿಗೆ ಕೊಟ್ಟ ಹೆಸರು ತ್ಯಾಗಮಯಿ.

"ನಿನ್ನ ಆರ್ಟೆಮಿಸ್ ಹೇಗಿದ್ದಾಳಮ್ಮ?" ಅಂತ ಕೇಳಿದೆ. ಸ್ವತಂತ್ರ ಮನಸ್ಸು, ಪರಿಸರ ಪ್ರೇಮಿ, ಟ್ರೆಕ್ಕಿಂಗ್ ಇಷ್ಟ ಎಂದಳು. ಟ್ರೆಕ್ಕಿಂಗ್ ನಿಜ. ಬೇಟೆಯ ದೇವತೆ ಕಾಡು ಸುತ್ತದೆ ಇನ್ನೆಲ್ಲಿ ಸುತ್ತುತ್ತಾಳೆ? ಅವಳು ಸ್ನಾನ ಮಾಡುವುದು ಆಕ್ಟಿಯಾನ್ ಎಂಬ ಬೇಟೆಗಾರನ ಕಣ್ಣಿಗೆ ಬಿತ್ತು. ಅವನನ್ನು ಜಿಂಕೆ ಮಾಡಿದಳು. ಅವನು ಸಾಕಿದ ನಾಯಿಗಳೇ ಅವನನ್ನು ಹರಿದು ಹಾಕಿದವು. ನಿಯೊಬೆ ಎಂಬ ತಾಯಿ, ನನಗೆ ಮನೆ ತುಂಬ ಮಕ್ಕಳು, ಆರ್ಟೆಮಿಸಳ ತಾಯಿ ಲೆಟೊಗೆ ಎರಡೇ ಅಂತ ಒಂದು ಮಾತು ಆಡಿಬಿಟ್ಟಳು. ಗ್ರೀಕ್ ಕವಿ ಹೋಮರನ ಲೆಕ್ಕದಲ್ಲಿ ಅವಳಿಗಿದ್ದದ್ದು ಆರು ಗಂಡು, ಆರು ಹೆಣ್ಣು. ಗಂಡುಮಕ್ಕಳನ್ನು ಲೆಟೊಳ ಮಗ ಅಪೊಲೊ ಹೊಡೆದ. ಹೆಣ್ಣುಮಕ್ಕಳನ್ನು ಈ ಪರಿಸರ ಪ್ರೇಮಿ ಬಾಣ ಬಿಟ್ಟು ಒಬ್ಬೊಬ್ಬರನ್ನಾಗಿ ಮುಗಿಸಿದಳು.

"ಅದೆಲ್ಲ ಹಳೇ ವರ್ಷನ್ ಚಿಕ್ಕಮ್ಮ" ಎಂದಳು ಹುಡುಗಿ. "ಈಗ ಅಪ್‌ಡೇಟ್ ಆಗಿದೆ."

ಅಪ್‌ಡೇಟ್ ಜಾಸ್ತಿ ಆಗಿರುವುದು ಅಥೇನಾಳಿಗೆ. ಈಗ ಅವಳು ಆಫೀಸಿನಲ್ಲಿ ಮೇಲೇರುವ ಹೆಣ್ಣುಮಕ್ಕಳ ದೇವತೆ. ನಾಯಕತ್ವದ ತರಬೇತಿಗೆ ಅವಳ ಹೆಸರು, ಮಹಿಳಾ ಉದ್ಯಮಿಗಳ ಕೂಟಕ್ಕೆ ಅವಳ ಹೆಸರು. ಹೆಲ್ಮೆಟ್ಟು, ಈಟಿ, ಭುಜದ ಮೇಲೆ ಗೂಬೆ, ಪೋಸ್ಟರಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಕ್ರಿ.ಪೂ. 458ರಲ್ಲಿ ಅಥೆನ್ಸಿನ ಜನ ರಂಗದ ಮೇಲೆ ನೋಡಿದ ಅಥೇನಾ ಏನು ಮಾಡಿದಳು? ಈಸ್ಕಿಲಸನ ನಾಟಕದಲ್ಲಿ ಒರೆಸ್ಟಿಸ್ ತಾಯಿಯನ್ನು ಕೊಂದು ಕಟಕಟೆಯಲ್ಲಿ ನಿಂತಿದ್ದಾನೆ. ಆ ತಾಯಿ ಗಂಡನನ್ನು ಕೊಂದಿದ್ದಳು, ಯಾಕೆಂದರೆ ಆ ಗಂಡ ಮಗಳನ್ನು ಬಲಿ ಕೊಟ್ಟಿದ್ದ. ಯಾರಿಗೆ ಬಲಿ? ಅದೇ ಟ್ರೆಕ್ಕಿಂಗ್ ದೇವತೆಗೆ. ಇಷ್ಟೆಲ್ಲ ಕೇಳಿದ ಅಥೇನಾ ತನ್ನ ಮತವನ್ನು ಮಗನಿಗೆ ಹಾಕಿದಳು. ಕಾರಣವನ್ನೂ ಬಾಯಿಬಿಟ್ಟು ಹೇಳಿದಳು: ನನ್ನನ್ನು ಹೆತ್ತ ತಾಯಿ ಇಲ್ಲ, ಮದುವೆಯೊಂದನ್ನು ಬಿಟ್ಟರೆ ಎಲ್ಲದರಲ್ಲೂ ನಾನು ಗಂಡಿನ ಕಡೆ. ಮಹಿಳಾ ತರಬೇತಿಯ ಮೊದಲ ಸ್ಲೈಡಿಗೆ ಈ ಮಾತು ಹಾಕಿದರೆ ಹೇಗಿರುತ್ತದೆ ಅಂತ ಯೋಚಿಸಿ ನಾನೊಬ್ಬಳೇ ನಕ್ಕೆ.

ಪ್ರತಿಭೆಯನ್ನು ಅವಳು ಬೆಳೆಸಿದ ರೀತಿಗೂ ಒಂದು ಉದಾಹರಣೆ ಇದೆ. ರೋಮಿನ ಕವಿ ಓವಿಡ್ ಹೇಳುವಂತೆ ಅರಾಕ್ನೆ ಎಂಬ ಹುಡುಗಿ ನೇಯ್ಗೆಯಲ್ಲಿ ಎಷ್ಟು ಜಾಣೆ ಎಂದರೆ, ಪಂದ್ಯದಲ್ಲಿ ಅವಳ ಬಟ್ಟೆಯಲ್ಲಿ ದೇವಿಗೇ ಒಂದು ತಪ್ಪು ಸಿಗಲಿಲ್ಲ. ಬಟ್ಟೆಯನ್ನು ಹರಿದಳು. ಲಾಳಿಯಿಂದ ಹುಡುಗಿಯ ಹಣೆಗೆ ಹೊಡೆದಳು, ಒಂದಲ್ಲ, ಹಲವು ಸಲ. ಕೊನೆಗೆ ಜೇಡ ಮಾಡಿ ಗೋಡೆಗೆ ಅಂಟಿಸಿದಳು. ಇಂಥ ಬಾಸ್ ಕೈಕೆಳಗೆ ಕೆಲಸ ಮಾಡಿದವರು ನನ್ನ ಪರಿಚಯದಲ್ಲೇ ಇದ್ದಾರೆ. ಆ ಮಟ್ಟಿಗೆ ತರಬೇತಿಗೆ ಹೆಸರು ಸರಿಯಾಗಿಯೇ ಇದೆ ಅನ್ನಿ.

ಇನ್ನು ಮೆಡೂಸಾ. ಪೊಸೈಡನ್ ಅವಳನ್ನು ಅಥೇನಾಳ ಗುಡಿಯಲ್ಲೇ ಕೆಡಿಸಿದ, ಅಥೇನಾ ಅವನನ್ನು ಬಿಟ್ಟು ಅವಳ ಕೂದಲನ್ನು ಹಾವು ಮಾಡಿದಳು. ಇದೂ ಓವಿಡ್ ಹೇಳಿದ್ದೇ. ಅದಕ್ಕೂ ಏಳುನೂರು ವರ್ಷ ಹಿಂದಿನ ಗ್ರೀಕ್ ಕವಿ ಹೆಸಿಯಡ್ಡನಲ್ಲಿ ಅವಳ ರೂಪದ ಹಿಂದೆ ಇಂಥ ಶಿಕ್ಷೆಯ ಕಥೆ ಇಲ್ಲ. ಅಂದರೆ ಓವಿಡ್ ಕೂಡ ಕಥೆಯನ್ನು ಬದಲಾಯಿಸಿಯೇ ಹೇಳಿದವನು. ಬದಲಾಯಿಸುವುದು ತಪ್ಪು ಅಂತ ನನ್ನ ವಾದ ಅಲ್ಲ. ಅವನು ಬದಲಾಯಿಸಿದ ಮೇಲೆ ಕಥೆ ಇನ್ನಷ್ಟು ಚುಚ್ಚುತ್ತದೆ. ಈಗಿನವರು ಬದಲಾಯಿಸಿದರೆ ಲಾಕೆಟ್ ಆಗುತ್ತದೆ. 2020ರಲ್ಲಿ ನ್ಯೂಯಾರ್ಕಿನ ಕ್ರಿಮಿನಲ್ ಕೋರ್ಟಿನ ಎದುರು ಮೆಡೂಸಾಳ ಪ್ರತಿಮೆ ನಿಲ್ಲಿಸಿದರು. ಲುಸಿಯಾನೊ ಗರ್ಬಾಟಿ ಎಂಬ ಶಿಲ್ಪಿ 2008ರಲ್ಲಿ ಮಾಡಿದ್ದು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಕಡಿದ ತಲೆ. ನ್ಯಾಯ ಸಿಕ್ಕಿತು ಅಂತ ಜನ ಫೋಟೊ ತೆಗೆದುಕೊಂಡರು. ತಲೆ ಮಾತ್ರ ಪರ್ಸಿಯಸ್‌ನದು, ಕಥೆಯಲ್ಲಿ ಮೆಡೂಸಾಳ ತಲೆ ಕಡಿದ ವೀರನದು. ಪೊಸೈಡನ್ ಸಮುದ್ರದಲ್ಲಿ ಆರಾಮಾಗಿದ್ದಾನೆ. ದೊಡ್ಡವರ ಹೆಸರು ಎಫ್‌ಐಆರಿನಲ್ಲೇ ಬರಲಿಲ್ಲ, ಅದೂ ಕೋರ್ಟಿನ ಎದುರಿಗೇ.

ಗ್ರೀಕರು ಈ ದೇವತೆಗಳಿಗೆ ಹೆದರುತ್ತಿದ್ದರು. ಇದು ನಮಗೆ ಹೊಸತೇನಲ್ಲ. ಹೋಮರನ ಇಲಿಯಡ್ ಕಾವ್ಯ ಶುರುವಾಗುವುದೇ ಅಪೊಲೊ ಒಂಬತ್ತು ದಿನ ಬಾಣ ಬಿಟ್ಟು ದಂಡಿನಲ್ಲಿ ಪಿಡುಗು ಹಬ್ಬಿಸುವುದರಿಂದ. ರೋಗ ಕೊಡುವವನೂ ಅವನೇ, ತೆಗೆಯುವವನೂ ಅವನೇ. ಮಾರಮ್ಮನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಸಿಡುಬು ಬಂದಾಗ ನಮ್ಮ ಅಜ್ಜಿ 'ಅಮ್ಮ ಬಂದಿದ್ದಾಳೆ' ಅಂತ ದನಿ ತಗ್ಗಿಸಿ ಹೇಳುತ್ತಿದ್ದರು. 'ನನ್ನೊಳಗೆ ಮಾರಮ್ಮ ಇದ್ದಾಳಾ' ಅಂತ ಹತ್ತು ಪ್ರಶ್ನೆ ಉತ್ತರಿಸಿ ಖುಷಿಪಟ್ಟವರನ್ನು ನಾನಂತೂ ಕಂಡಿಲ್ಲ.

ದೊಡ್ಡ ಸಂಸ್ಥೆಗಳೂ ಈ ಆಟದಲ್ಲಿ ಹಿಂದೆ ಬಿದ್ದಿಲ್ಲ. ಒಲಿಂಪಿಕ್ಸ್ ಪದಕದ ಮೇಲೆ ಗೆಲುವಿನ ದೇವತೆ ನೈಕಿ ಇರುತ್ತಾಳೆ. 1928ರಿಂದ 2000ದವರೆಗೆ ಬಹುಪಾಲು ಬೇಸಿಗೆ ಒಲಿಂಪಿಕ್ಸ್ ಪದಕಗಳಲ್ಲಿ ಆ ಗ್ರೀಕ್ ದೇವತೆಯ ಹಿಂದೆ ಇದ್ದದ್ದು ರೋಮಿನ ಕೊಲೋಸಿಯಂ! ಬೇಲೂರಿನ ಶಿಲಾಬಾಲಿಕೆಯ ಹಿಂದೆ ತಾಜ್ ಮಹಲ್ ಕೆತ್ತಿದ ಹಾಗೆ. 2004ರಲ್ಲಿ ಆಟ ಅಥೆನ್ಸಿಗೆ ಬಂದಾಗ ಅವರು ತಮ್ಮದೇ ಕ್ರೀಡಾಂಗಣವನ್ನು ಕೆತ್ತಿಸಿಕೊಂಡರು. ಹಾಗಂತ ಅಥೆನ್ಸಿನವರೂ ಕಡಿಮೆ ಇಲ್ಲ. ಅಲ್ಲಿದ್ದ ನೈಕಿಗೆ ರೆಕ್ಕೆಯೇ ಇರಲಿಲ್ಲ. ಗೆಲುವು ಊರು ಬಿಟ್ಟು ಹಾರಿಹೋಗಬಾರದು ಅಂತ ಹಾಗೆ ಮಾಡಿದರಂತೆ ಎಂದು ಪೌಸಾನಿಯಾಸ್ ಎಂಬ ಹಳೆಯ ಪ್ರವಾಸಿ ಬರೆದಿದ್ದಾನೆ. ಕ್ರಿ.ಪೂ. 404ರಲ್ಲಿ ಅಥೆನ್ಸ್ ಸ್ಪಾರ್ಟಾಕ್ಕೆ ಸೋತು ಶರಣಾಯಿತು. ಗೆಲುವು ನಡೆದುಕೊಂಡೇ ಹೋಗಿರಬೇಕು.

ನಮ್ಮ ಬಿ.ಎಂ. ಶ್ರೀಕಂಠಯ್ಯನವರೂ ಗ್ರೀಕ್ ಕಥೆಯೊಂದನ್ನು ಬದಲಾಯಿಸಿ ಹೇಳಿದರು. ಸೊಫೊಕ್ಲಿಸನ ಏಜಾಕ್ಸ್ ನಾಟಕದಲ್ಲಿ ಅಥೇನಾ ಆ ವೀರನಿಗೆ ಹುಚ್ಚು ಹಿಡಿಸುತ್ತಾಳೆ. ಶತ್ರುಗಳು ಎಂದುಕೊಂಡು ಅವನು ದನ ಕುರಿಗಳನ್ನು ಕಡಿಯುತ್ತಾನೆ. ಬಾ, ನೋಡಿ ನಗು ಅಂತ ದೇವಿ ಅವನ ವೈರಿಯನ್ನೇ ಕರೆಯುತ್ತಾಳೆ. ವೈರಿಗೆ ನಗು ಬರುವುದಿಲ್ಲ, ಕನಿಕರ ಬರುತ್ತದೆ. ಎಚ್ಚರವಾದ ಮೇಲೆ ಏಜಾಕ್ಸ್ ನಾಚಿಕೆ ತಾಳಲಾರದೆ ಕತ್ತಿಯ ಮೇಲೆ ಬೀಳುತ್ತಾನೆ. ಈ ನಾಟಕವನ್ನು ಇಟ್ಟುಕೊಂಡು ಶ್ರೀಯವರು 'ಅಶ್ವತ್ಥಾಮನ್' ಬರೆದರು. ಅಮೆರಿಕದ ಕಂಪನಿಯೊಂದು 1947ರಲ್ಲಿ ಅದೇ ಏಜಾಕ್ಸನ ಹೆಸರಿನಲ್ಲಿ ಪಾತ್ರೆ, ಸಿಂಕು ಉಜ್ಜುವ ಪುಡಿ ತಂದಿತು. ಮೈಯೆಲ್ಲ ರಕ್ತದ ಕಲೆ ಮಾಡಿಕೊಂಡು ಸತ್ತವನ ಹೆಸರು, ಕಲೆ ತೆಗೆಯುವ ಪುಡಿಗೆ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹುಡುಗಿ ನನ್ನ ಫಲಿತಾಂಶದ ಪುಟವನ್ನು ಕೆಳಗೆ ಸರಿಸಿದ್ದಳು. ಅಲ್ಲಿ ಜಾಹೀರಾತು. ನಿಮ್ಮೊಳಗಿನ ಹೆಸ್ಟಿಯಾಗಾಗಿ, ಲ್ಯಾವೆಂಡರ್ ಪರಿಮಳದ ಮೇಣದಬತ್ತಿ, ಗಾಜಿನ ಡಬ್ಬಿಯಲ್ಲಿ, 1,499 ರೂಪಾಯಿ. ಉಚಿತ ಯಾಕೆ ಅಂತ ಈಗ ತಿಳಿಯಿತು.

"ತರಿಸ್ಲಾ ಚಿಕ್ಕಮ್ಮ? ನಿಮ್ಮ ದೇವತೆ."

ನನ್ನ ದೇವತೆಯ ಬೆಂಕಿಯ ಕಥೆಯೂ ಒಂದಿದೆ. ಕ್ರಿ.ಪೂ. 479ರಲ್ಲಿ ಪ್ಲಾಟಿಯಾದಲ್ಲಿ ಪರ್ಷಿಯನ್ನರನ್ನು ಸೋಲಿಸಿದ ಮೇಲೆ, ಶತ್ರುಗಳು ಕಾಲಿಟ್ಟ ನೆಲದ ಬೆಂಕಿಯೆಲ್ಲ ಮೈಲಿಗೆಯಾಯಿತು ಅಂತ ಗ್ರೀಕರು ಎಲ್ಲ ಒಲೆಗಳನ್ನೂ ಆರಿಸಿದರು. ಶುದ್ಧ ಬೆಂಕಿ ಬೇಕು ಅಂದರೆ ಡೆಲ್ಫಿಯಲ್ಲಿ ಎಲ್ಲರಿಗೂ ಸೇರಿದ ಒಲೆಯಿಂದಲೇ ತರಬೇಕು. ಯೂಖಿಡಾಸ್ ಎಂಬಾತ ಓಡಿದ. ಹೋಗಿ ಬರುವುದಕ್ಕೆ ಗ್ರೀಕರ ಅಳತೆಯಲ್ಲಿ ಸಾವಿರ ಸ್ಟೇಡಿಯನ್, ನಮ್ಮ ಲೆಕ್ಕದಲ್ಲಿ ಸುಮಾರು 180 ಕಿಲೋಮೀಟರ್. ಸೂರ್ಯ ಮುಳುಗುವ ಮೊದಲು ಬೆಂಕಿ ತಂದು ಊರವರ ಕೈಗೆ ಕೊಟ್ಟ, ಅಲ್ಲೇ ಬಿದ್ದು ಪ್ರಾಣ ಬಿಟ್ಟ. ಪ್ಲುಟಾರ್ಕ್ ಬರೆದಿಟ್ಟಿದ್ದಾನೆ.

ಡಬ್ಬಿಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ತಳದಲ್ಲಿ ಸಣ್ಣ ಅಕ್ಷರಗಳಿದ್ದವು. ಒಮ್ಮೆಗೆ ನಾಲ್ಕು ಗಂಟೆಗಿಂತ ಹೆಚ್ಚು ಉರಿಸಬೇಡಿ. ಮನೆಯಿಂದ ಹೊರಡುವ ಮುನ್ನ ಆರಿಸಿ.