ಐವತ್ತೈದು ಮೂವತ್ತಾರಾದ ಲೆಕ್ಕ

ಸ್ಪೇಸ್ ಇನ್ವೇಡರ್ಸ್ ವಿಡಿಯೋ ಗೇಮ್‌ನ ಏಲಿಯನ್‌ಗಳಷ್ಟು ಶಿಸ್ತಿನ ಶತ್ರುಗಳು ಸಿಗುವುದು ಅಪರೂಪ. ಸಾಲು ತಪ್ಪದೆ ಪಕ್ಕಕ್ಕೆ ಸರಿಯುತ್ತವೆ, ಅಂಚು ಮುಟ್ಟಿದರೆ ಒಂದು ಮೆಟ್ಟಿಲು ಇಳಿಯುತ್ತವೆ, ಬಂದ ದಾರಿಗೇ ತಿರುಗುತ್ತವೆ. ಪರದೆಯ ಹಿಂದೆ ಡ್ರಿಲ್ ಮೇಷ್ಟ್ರು ಸೀಟಿ ಹಿಡಿದು ನಿಂತಿರಬೇಕು. ಟೈಟೋ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ 1978ರಲ್ಲಿ ಮಾಡಿದ ಆರ್ಕೇಡ್ ಯಂತ್ರದಲ್ಲಿ (ಕಾಸು ಹಾಕಿ ಆಡುವಂಥದು) ಸಾಲಿಗೆ ಹನ್ನೊಂದರಂತೆ ಐದು ಸಾಲು, ಒಟ್ಟು 55 ಏಲಿಯನ್. 1980ರಲ್ಲಿ ಅದೇ ಆಟ ಟಿವಿಗೆ ಜೋಡಿಸಿ ಆಡುವ ಅಟಾರಿ 2600 ಕನ್ಸೋಲಿನ ಕಾರ್ಟ್ರಿಡ್ಜ್ ಆಗಿ ಮನೆ ಸೇರುವ ಹೊತ್ತಿಗೆ ಆರಾರರಂತೆ ಆರು ಸಾಲು, ಬರೀ 36. ಹತ್ತೊಂಬತ್ತು ಮಂದಿ ದಾರಿಯಲ್ಲೇ ರಜೆ ಹಾಕಿದರು.

ಸಾಲಿಗೆ ಆರೇ ಯಾಕೆಂದರೆ ಅಟಾರಿಯ ಚಿತ್ರ ಬಿಡಿಸುವ ಚಿಪ್‌ನಲ್ಲಿ ಇಂಥ ಗೊಂಬೆಗಳಿಗೆಂದು ಇರುವುದು ಎರಡೇ ಸ್ಪ್ರೈಟ್ (ಪರದೆಯಲ್ಲಿ ಓಡಾಡಿಸಬಲ್ಲ ಪುಟ್ಟ ಚಿತ್ರ), ತಲಾ ಎಂಟು ಚುಕ್ಕಿ ಅಗಲ. ಒಂದೊಂದನ್ನೂ ಒಂದೇ ಗೆರೆಯಲ್ಲಿ ಮೂರು ಸಲ ಅಚ್ಚೊತ್ತಬಹುದು. ಮೂರೆರಡಲ ಆರು! ರ‍್ಯಾಮ್ ಇರುವುದು 128 ಬೈಟ್. ಇಡೀ ಪರದೆಯ ಚಿತ್ರವನ್ನು ಕೂಡಿಟ್ಟುಕೊಳ್ಳಲು ಅದು ಯಾವ ಮೂಲೆಗೂ ಸಾಲದು. ಟಿವಿಯ ಕಿರಣ ಗೆರೆ ಎಳೆಯುತ್ತಾ ಇಳಿಯುವಾಗಲೇ ಆಯಾ ಗೆರೆಯ ಚಿತ್ರವನ್ನು ಒದಗಿಸುತ್ತಾ ಹೋಗಬೇಕು. ಅಟಾರಿಯ ಪ್ರೋಗ್ರಾಮರ್ ರಿಕ್ ಮೌರರ್ ಇದನ್ನೆಲ್ಲ 4 ಕೆಬಿ ಕಾರ್ಟ್ರಿಡ್ಜಿಗೆ ತುರುಕಿದ್ದಲ್ಲದೆ, ಅದರಲ್ಲೇ 112 ಬಗೆಯ ಆಟಗಳನ್ನೂ ಕೊಟ್ಟ. ಕೆಲವದರಲ್ಲಿ ಏಲಿಯನ್‌ಗಳು ಕಣ್ಣಿಗೇ ಕಾಣುವುದಿಲ್ಲ.

ವೇಗದ ಕಥೆ ಇನ್ನೂ ಸೊಗಸು. ಆರ್ಕೇಡ್ ಯಂತ್ರದ ಇಂಟೆಲ್ 8080 ಪ್ರೊಸೆಸರ್ ಸೆಕೆಂಡಿನ ಅರವತ್ತನೇ ಒಂದು ಭಾಗಕ್ಕೆ ಒಂದೇ ಏಲಿಯನ್ನನ್ನು ಸರಿಸುತ್ತದೆ. 55 ಇದ್ದಾಗ ಎಲ್ಲರೂ ಒಂದು ಹೆಜ್ಜೆ ಇಡಲು ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು. ಸತ್ತವರ ಸಂಖ್ಯೆ ಏರಿದಂತೆ ಉಳಿದವರ ಸರದಿ ಬೇಗ ಬೇಗ ಬರುತ್ತದೆ. ಕೊನೆಗೆ ಉಳಿದದ್ದು ಓಟವನ್ನೇ ಕೀಳುತ್ತದೆ, ಅದೂ ಬಲಕ್ಕೆ ಮೂರು ಚುಕ್ಕಿ, ಎಡಕ್ಕೆ ಎರಡು. ಅಟಾರಿಯಲ್ಲಿ ಇಡೀ ದಂಡು ಒಟ್ಟಿಗೇ ಸರಿಯುವುದರಿಂದ ಈ ಲಾಭ ತಾನಾಗಿ ಸಿಗದು. ತಲೆ ಎಣಿಸಿ ವೇಗ ಏರಿಸುವ ಕೆಲಸವನ್ನು ಪ್ರೋಗ್ರಾಮಿನಲ್ಲೇ ಬರೆಯಬೇಕು. ಅಲ್ಲಿ ಯಂತ್ರದ ಏದುಸಿರಿನಿಂದ ಹುಟ್ಟಿದ ಗಾಬರಿಯನ್ನು ಇಲ್ಲಿ ಕೈಯಾರೆ ನೇಯ್ದಿದ್ದಾರೆ. ಹಾಗಾಗಿ ಮನೆಯ ಆಟವನ್ನು ನಕಲು ಅಂದರೆ ಒಪ್ಪಲು ಮನಸ್ಸಾಗದು.

ಆಡುವಾಗ ಮೊದಲು ಅಂಚಿನ ಕಂಬಸಾಲನ್ನು ಕೆಡವಬೇಕು. ದಂಡಿನ ಅಗಲ ಕುಗ್ಗಿದಷ್ಟೂ ಅಂಚು ಮುಟ್ಟಲು ಹೆಚ್ಚು ಹೊತ್ತು ಬೇಕು, ಇಳಿಯುವುದು ತಡವಾಗುತ್ತದೆ. ನಡುವೆ ಗುಂಡಿ ತೋಡುವವರು ಬೇಗ ಸೋಲುತ್ತಾರೆ. ತಳದಲ್ಲಿರುವ ನಮ್ಮ ಫಿರಂಗಿಯ ಗುಂಡು ಪರದೆಯ ಮೇಲೆ ಒಂದೇ ಇರಲು ಸಾಧ್ಯ. ಗುರಿ ತಪ್ಪಿದರೆ ಅದು ಮೇಲೆ ಹೋಗಿ ಮಾಯವಾಗುವವರೆಗೆ ಬಾಯಿ ಬಿಟ್ಟುಕೊಂಡು ಕಾಯಬೇಕು. ರೀಸೆಟ್ ಒತ್ತಿ ಹಿಡಿದೇ ಪವರ್ ಹಾಕಿದರೆ ಅಟಾರಿಯಲ್ಲಿ ಎರಡು ಗುಂಡು ಸಿಗುತ್ತವೆ. ಮೋಸ ಅನ್ನಿ, ಹಬ್ಬ ಅನ್ನಿ. ಮೂರು ಮರೆಗೋಡೆಗಳನ್ನು ನಂಬಿ ಕೂರುವಂತಿಲ್ಲ, ದಂಡು ಅವುಗಳ ಹತ್ತಿರಕ್ಕೆ ಇಳಿದೊಡನೆ ಮಾಯ.

ಹಳೆಯ ಕನ್ಸೋಲನ್ನು ಈಗ ಹೊರತೆಗೆದರೆ ಅಡಾಪ್ಟರ್ 9 ವೋಲ್ಟ್ ಡಿಸಿ, 500 ಮಿಲಿಆಂಪ್ ಇದೆಯೇ, ಪಿನ್ನಿನ ತುದಿ ಪಾಸಿಟಿವ್ ಆಗಿದೆಯೇ ನೋಡಿ. ಪರದೆ ಖಾಲಿಯಿದ್ದರೆ ಕಾರ್ಟ್ರಿಡ್ಜಿನ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಹಾಕಿ. ಊದಬೇಡಿ, ಎಂಜಲಿನ ತೇವ ಲೋಹವನ್ನು ತಿನ್ನುತ್ತದೆ. ಫಿರಂಗಿ ಎಡಕ್ಕೆ ಹೋಗದಿದ್ದರೆ ಜಾಯ್‌ಸ್ಟಿಕ್‌ನ ತಳದ ನಾಲ್ಕು ಸ್ಕ್ರೂ ಬಿಚ್ಚಿ. ಒಳಗಿನ ಲೋಹದ ಗುಬುಟಿನ ಕೆಳಗೆ ಕೊಳೆ ಕೂತಿರುತ್ತದೆ, ಇಲ್ಲವೇ ಕೋಲಿನ ಪ್ಲಾಸ್ಟಿಕ್ ತುಂಡು ಸೀಳಿರುತ್ತದೆ. ಎಲ್ಲ ಸರಿಯಿದ್ದೂ ಗುಂಡು ತಡವಾಗಿ ಹೊರಟರೆ ತಪ್ಪು ಬೆರಳಿನದಲ್ಲ, ಚಿತ್ರವನ್ನು ಹಿಗ್ಗಿಸುತ್ತಾ ಕೂತ ಹೊಸ ಟಿವಿಯದು. ಅದರ ಗೇಮ್ ಮೋಡ್ ಹಾಕಿ.

ಇಬ್ಬರು ಆಡುವಾಗ ಕನ್ಸೋಲಿನ ಮೇಲೆ ತಲಾ ಒಂದು ಡಿಫಿಕಲ್ಟಿ ಸ್ವಿಚ್, ಆಟವನ್ನು ಕಷ್ಟವಾಗಿಸಲು. 'ಎ' ಕಡೆ ತಳ್ಳಿದರೆ ಆ ಆಟಗಾರನ ಫಿರಂಗಿ ಎರಡರಷ್ಟು ಅಗಲ, ಅಂದರೆ ಬಾಂಬಿಗೆ ಎರಡರಷ್ಟು ಸುಲಭದ ತುತ್ತು. ನಾಲ್ಕು ಸ್ವಿಚ್ಚಿನ ಮಾದರಿಯಲ್ಲಿ ಇವು ಹಿಂಬದಿಗಿವೆ, ಗುಟ್ಟಾಗಿ ತಳ್ಳಬಹುದು. ಪರದೆಯ ಮೇಲೆ ಊದಿಕೊಂಡ ಫಿರಂಗಿಯನ್ನು ಮಾತ್ರ ಎಲ್ಲಿ ಬಚ್ಚಿಡುತ್ತೀರಿ?