ಬಿತ್ತುವವರ ಕೈಗೆ ಬಾರದ ದುಡ್ಡು

ಪಿಎಂ ಕಿಸಾನ್ ಕಂತು ಬಿಡುಗಡೆಯಾದಾಗೆಲ್ಲ ಹಳ್ಳಿಯಲ್ಲಿ 'ನಿಮಗೆ ಬಂತಾ, ನಮಗಿನ್ನೂ ಬಂದಿಲ್ಲ' ಎಂಬ ಮಾತು ಶುರುವಾಗುತ್ತದೆ. ವರ್ಷಕ್ಕೆ 6000 ರೂಪಾಯಿ, ನಾಲ್ಕು ತಿಂಗಳಿಗೊಮ್ಮೆ 2000. ಈ ದುಡ್ಡು ಬೇಡ ಅಂತ ನಾನು ಹೇಳುವುದಿಲ್ಲ. ಬೀಜ, ಗೊಬ್ಬರದ ಹೊತ್ತಿಗೆ ಎರಡು ಸಾವಿರವೂ ದೊಡ್ಡದೇ. ನನ್ನ ತಕರಾರು ಬೇರೆ. ಇದು ಪಹಣಿಯಲ್ಲಿ ಹೆಸರಿರುವವರಿಗೆ ಹೋಗುತ್ತದೆ, ಹೊಲದಲ್ಲಿ ದುಡಿಯುವವರಿಗಲ್ಲ.

2019ರಲ್ಲಿ ಶುರುವಾದಾಗ ಐದು ಎಕರೆ ಒಳಗಿನವರಿಗೆ ಮಾತ್ರ ಇತ್ತು. ಅದೇ ವರ್ಷ ಆ ಮಿತಿ ಹೋಯಿತು. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು, ಡಾಕ್ಟರು, ವಕೀಲರು ಪಡೆಯುವಂತಿಲ್ಲ ಎಂಬ ನಿಯಮವಿದೆ. ಆದರೂ 42 ಲಕ್ಷಕ್ಕೂ ಹೆಚ್ಚು ಅನರ್ಹರಿಗೆ ಹತ್ತಿರ ಹತ್ತಿರ 3000 ಕೋಟಿ ಹೋಗಿದೆ ಎಂದು 2021ರಲ್ಲಿ ಕೇಂದ್ರ ಸರ್ಕಾರವೇ ಸಂಸತ್ತಿಗೆ ಹೇಳಿತು. ಆಗ ಎಲ್ಲರೂ ಅದನ್ನೇ ಮಾತಾಡಿದರು. ಸಿಗಬೇಕಿದ್ದೂ ಸಿಗದವರ ಬಗ್ಗೆ ಅಷ್ಟು ಜೋರು ದನಿ ಕೇಳಲಿಲ್ಲ.

ಸಿಂಧನೂರು, ಗಂಗಾವತಿ ಕಡೆ ಭತ್ತದ ಗದ್ದೆಗಳನ್ನು ಲೀಜಿಗೆ ಮಾಡುವವರು ಬಹಳ. ನಮ್ಮ ಹಳೇ ಮೈಸೂರಿನ ಕಡೆ ವಾರಕ್ಕೆ, ಅಂದರೆ ಬೆಳೆಯಲ್ಲಿ ಮಾಲೀಕರಿಗೆ ಪಾಲು ಕೊಡುವ ಕರಾರಿಗೆ ಮಾಡುತ್ತಾರೆ. ಎಲ್ಲ ಬಾಯಿಮಾತಿನ ವ್ಯವಹಾರ. ಪಹಣಿ ಇಲ್ಲದವರಿಗೆ ಬ್ಯಾಂಕಿನ ಬೆಳೆ ಸಾಲ ಸಿಗುವುದು ಕಷ್ಟ, ಹಾಗಾಗಿ ಕೈಸಾಲ. ಬೆಂಬಲ ಬೆಲೆ ಕೇಂದ್ರಕ್ಕೆ ಹೋದರೆ ಫ್ರೂಟ್ಸ್ ಐಡಿ (ರಾಜ್ಯ ಸರ್ಕಾರದ ರೈತ ನೋಂದಣಿ ಸಂಖ್ಯೆ) ಕೇಳುತ್ತಾರೆ, ಅದೂ ಜಮೀನಿನ ಮಾಲೀಕರ ಹೆಸರಲ್ಲೇ ಇರುತ್ತದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರಲ್ವಾ, ಆಗಲೂ ಪರಿಹಾರ ಹೋದದ್ದು ಅದೇ ಫ್ರೂಟ್ಸ್ ಪಟ್ಟಿ ನೋಡಿಕೊಂಡು. ಬೆಳೆ ಒಣಗಿದ್ದು ಒಬ್ಬರದು, ದುಡ್ಡು ಬಂದದ್ದು ಇನ್ನೊಬ್ಬರ ಖಾತೆಗೆ. ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇಲ್ಲೇ. ಯೂರಿಯಾ ಸಬ್ಸಿಡಿಯಾದರೂ ವಾಸಿ. 266 ರೂಪಾಯಿಗೆ ಸಿಗುವ ಚೀಲವನ್ನು ಹೊಲಕ್ಕೆ ಹಾಕುವವರೇ ತಂದುಕೊಳ್ಳಬಹುದು.

ಲೀಜನ್ನು, ಅಂದರೆ ಗೇಣಿಯನ್ನು ಕಾಗದದಲ್ಲಿ ಬರೆದುಕೊಡಿ ಅಂದರೆ ಮಾಲೀಕರು ಯಾಕೆ ಹೆದರುತ್ತಾರೆ? ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, 1974ರ ಮಾರ್ಚಿನಿಂದ ಜಾರಿಗೆ ಬಂದ ಭೂ ಸುಧಾರಣೆ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿತು. ಲಕ್ಷಾಂತರ ಗೇಣಿದಾರರು ಅದರಿಂದ ಒಡೆಯರಾದರು. ನಮ್ಮ ರಾಜ್ಯ ಮಾಡಿದ ಅತ್ಯಂತ ಒಳ್ಳೆ ಕೆಲಸಗಳಲ್ಲಿ ಅದೊಂದು, ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗೇಣಿ ನಿಲ್ಲಲಿಲ್ಲ, ಕಾಗದದಿಂದ ಮಾಯವಾಯಿತು ಅಷ್ಟೇ. ಸಹಿ ಹಾಕಿದರೆ ಜಮೀನು ಹೋದೀತು ಎಂಬ ಭಯ ಇವತ್ತಿಗೂ ಇದೆ.

ಹೊಲ ಲೀಜಿಗೆ ಕೊಟ್ಟವರೆಲ್ಲ ಬೆಂಗಳೂರಲ್ಲಿ ಕೂತ ಶ್ರೀಮಂತರಲ್ಲ. ಮಾಡುವ ಕೈಯಿಲ್ಲದೆ ಒಂದೆಕರೆ ಕೊಟ್ಟ ವಿಧವೆಯೂ ಇರುತ್ತಾಳೆ. ಅವಳ ಎರಡು ಸಾವಿರ ಕಿತ್ತುಕೊಳ್ಳಿ ಅಂತ ನಾನು ಕೇಳುತ್ತಿಲ್ಲ. ದುಡಿಯುವವರನ್ನೂ ಲೆಕ್ಕಕ್ಕೆ ತಗೊಳ್ಳಿ ಅನ್ನುತ್ತಿದ್ದೇನೆ. ಪಕ್ಕದ ಆಂಧ್ರ 2019ರಲ್ಲೇ ಗೇಣಿ ರೈತರಿಗೆ 11 ತಿಂಗಳ ಕಾರ್ಡು ಕೊಡುವ ಕಾನೂನು ಮಾಡಿತು. ಜಮೀನಿನ ಮೇಲೆ ಹಕ್ಕಿಲ್ಲ, ಬೆಳೆಯ ಮೇಲೆ ಮಾತ್ರ. ಅದಕ್ಕೆ ಮಾಲೀಕರ ಸಹಿ ಬೇಕೆಂದು ಇಟ್ಟದ್ದರಿಂದ ಎಷ್ಟೋ ಜನಕ್ಕೆ ಕಾರ್ಡು ಸಿಗಲಿಲ್ಲ. ಆ ತಪ್ಪನ್ನು ನಾವು ಮಾಡುವುದು ಬೇಡ.

ನಮ್ಮಲ್ಲಿ ಪಹಣಿಯ 12ನೇ ಕಾಲಂ ಇರುವುದೇ ಸಾಗುವಳಿ ಮಾಡುವವರಿಗಾಗಿ. ಅಲ್ಲಿ ಸುಮ್ನೆ 'ಸ್ವಂತ' ಅಂತ ಬರೆದು ಮುಗಿಸುತ್ತಾರೆ. ಪ್ರತಿ ಹಂಗಾಮಿಗೂ ಬೆಳೆ ಸಮೀಕ್ಷೆಗೆ ಮೊಬೈಲ್ ಹಿಡಿದು ಹೊಲಕ್ಕೆ ಹೋಗುತ್ತಾರೆ, ಯಾವ ಬೆಳೆ ಅಂತ ಫೋಟೋ ತೆಗೆಯುತ್ತಾರೆ. ಬಿತ್ತಿದವರು ಯಾರು ಅಂತಲೂ ಅಲ್ಲೇ ಕೇಳಲಿ. ಅಕ್ಕಪಕ್ಕದ ಹೊಲದವರು ಸಾಕ್ಷಿ ಹೇಳಿದರೆ ಸಾಕು. ಆ ಒಂದು ಹಂಗಾಮಿಗೆ ಚೀಟಿ ಕೊಡಲಿ, ಜಮೀನಿನ ಹಕ್ಕಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಕಾನೂನಿನಲ್ಲೇ ಬರೆಯಲಿ. ಮೊದಲು ಬೆಳೆ ನಷ್ಟದ ಪರಿಹಾರವನ್ನು ಈ ಚೀಟಿ ನೋಡಿ ಕೊಡಲಿ. ಅದಕ್ಕೆ ದೆಹಲಿಯ ದಾರಿ ಕಾಯುತ್ತಾ ಕೂರುವುದು ಬೇಡ, ಬರುವ ಮುಂಗಾರಿನ ಸಮೀಕ್ಷೆಯಿಂದಲೇ ವಿಧಾನಸೌಧದವರು ಶುರು ಮಾಡಲಿ.